ಕಾರು ಇವರದು, ಕೊಟೇಶನ್ ನನ್ನದು

ಪುಣೆಯ ಭೋಸರಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನ್ನ ಕೆಲಸ. ಬೇರಿಂಗ್, ಬೋಲ್ಟು, ಪ್ಯಾಕಿಂಗ್ ಪೆಟ್ಟಿಗೆ, ಕ್ಯಾಂಟೀನಿನ ತೊಗರಿಬೇಳೆ, ಏನೇ ಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸಿ, ಪಕ್ಕಪಕ್ಕ ಇಟ್ಟು, ಸಾಲುಸಾಲಾಗಿ ಹೋಲಿಸಿ ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹಾಗಾಗಿ ಮನೆಗೆ ಹೊಸ ಕಾರು ಬೇಕು ಎಂದಾದಾಗ ಕೆಲಸ ತಾನಾಗಿಯೇ ಹಂಚಿಹೋಯಿತು. ಎಂಜಿನ್ ಯಾವುದು, ಗೇರು ಯಾವ ಬಗೆಯದು ಎಂಬುದೆಲ್ಲ ನಮ್ಮವರ ಪಾಲು. ಕಾಗದಪತ್ರ ನನ್ನ ಪಾಲು. ಅತ್ತೆಯವರ ಪಾಲಿಗೆ ಬಂದದ್ದು ಮುಹೂರ್ತ. ಅದೇ ಎಲ್ಲಕ್ಕಿಂತ ದುಬಾರಿ ಪಾಲು ಎಂದು ಆಮೇಲೆ ಗೊತ್ತಾಯಿತು.

ಯಾವ ಗಾಡಿ ಎಂದು ಬರೆಯುವುದಿಲ್ಲ. ಬರೆದರೆ ಓದುವವರು ಅದರ ಮೈಲೇಜಿನ ಮೇಲೆ ವಾದಕ್ಕೆ ನಿಲ್ಲುತ್ತಾರೆ, ಉಳಿದದ್ದು ಯಾರಿಗೂ ಬೇಡವಾಗುತ್ತದೆ. ನಾಲ್ಕು ಮೀಟರಿನೊಳಗಿನ ಉದ್ದ, 1,200 ಸಿಸಿಯೊಳಗಿನ ಪೆಟ್ರೋಲ್ ಎಂಜಿನ್, ಎಕ್ಸ್ ಶೋರೂಮ್ ದರ, ಅಂದರೆ ನೋಂದಣಿ, ವಿಮೆ ಸೇರದ ಬೆಲೆ, 9,18,000 ರೂಪಾಯಿ. ಇಷ್ಟು ಸಾಕು. ಆ ಎರಡು ಅಳತೆಗಳಿಗೆ ಬೆಲೆ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಅವುಗಳ ಒಳಗಿರುವ ಪೆಟ್ರೋಲ್ ಕಾರಿಗೆ ಅದುವರೆಗೆ ಶೇ. 28 ಜಿಎಸ್‌ಟಿ, ಅದರ ಮೇಲೆ ಶೇ. 1 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿಯಿತು. ಅಳತೆ ಮೀರಿದ ದೊಡ್ಡ ಕಾರುಗಳಿಗೆ ಸೆಸ್ ತೆಗೆದು ಶೇ. 40 ಮಾಡಿದರು. ಆ ವರ್ಷ 21ರಂದು ಮಹಾಲಯ ಅಮಾವಾಸ್ಯೆ, 22ರಂದು ನವರಾತ್ರಿಯ ಘಟಸ್ಥಾಪನೆ. ಪಿತೃಪಕ್ಷ ಕಳೆಯಲಿ ಎನ್ನುವ ಅತ್ತೆಯವರೂ ತೆರಿಗೆ ಇಳಿಯಲಿ ಎನ್ನುವ ನಾನೂ ಒಂದೇ ದಿನಕ್ಕೆ ಕಾದು ಕುಳಿತದ್ದು ಅದೇ ಮೊದಲು. ಆದರೆ ಊರೆಲ್ಲ ಅದೇ ದಿನಕ್ಕೆ ಕಾಯುತ್ತಿತ್ತು. ನವರಾತ್ರಿಯಲ್ಲಿ ಕರ್ವೆ ರಸ್ತೆಯ ಕಡೆಯ ಶೋರೂಮಿಗೆ ಹೋದರೆ ರಿಯಾಯಿತಿಯ ಮಾತಿಗೆ ಕಿವಿಗೊಡುವವರೇ ಇರಲಿಲ್ಲ. ‘ತೆರಿಗೆ ಇಳಿದಿದೆಯಲ್ಲ ಮೇಡಂ, ಇನ್ನೇನು?’ ಎಂದು ಒಬ್ಬ ಕೈಚೆಲ್ಲಿದ. ಅದನ್ನು ಇಳಿಸಿದ್ದು ದೆಹಲಿಯವರು, ನಿಮ್ಮ ಕಡೆಯಿಂದ ಏನು ಎಂದು ಕೇಳಿ ಎದ್ದು ಬಂದೆವು. ಮಾರುವವನಿಗೆ ಅವಸರವಿಲ್ಲದ ಹೊತ್ತಿನಲ್ಲಿ ಕೊಳ್ಳಲು ಹೋಗಬಾರದು ಎಂಬುದು ನಮ್ಮ ವಿಭಾಗದ ಹಳೆಯ ಪಾಠ.

ಚಳಿಗಾಲವೆಲ್ಲ ಸುಮ್ಮನೆ ಕೂರಲಿಲ್ಲ. ಮೊದಲು ಅಳೆದದ್ದು ಕಾರನ್ನಲ್ಲ, ಕಾರು ನಿಲ್ಲುವ ಜಾಗವನ್ನು. ಕೋಥರೂಡಿನ ಹಳೆಯ ಹೌಸಿಂಗ್ ಸೊಸೈಟಿಗಳೆಲ್ಲ ಒಂದೊಂದಾಗಿ ಒಡೆದು ಗಗನಕ್ಕೆ ಏಳುತ್ತಿವೆ. ನಮ್ಮದೂ ಹಾಗೆ ಎದ್ದ ಕಟ್ಟಡ. ಮನೆಗಳು ಹೆಚ್ಚಾದವು, ನೆಲ ಅಷ್ಟೇ ಉಳಿಯಿತು, ಆದ್ದರಿಂದ ಬಿಲ್ಡರ್ ಯಂತ್ರದ ಸ್ಟ್ಯಾಕ್ ಪಾರ್ಕಿಂಗ್ ಕೊಟ್ಟಿದ್ದಾನೆ. ಒಂದು ಹಲಗೆ ನೆಲಮಟ್ಟದಲ್ಲಿ, ಇನ್ನೊಂದು ಕೆಳಗಿನ ಗುಂಡಿಯಲ್ಲಿ. ಗುಂಡಿಯ ಹಲಗೆ ನಮಗೆ ಬಂದಿದೆ. ಕಂಬಕ್ಕೆ ಒಂದು ತಗಡಿನ ಫಲಕ ಹೊಡೆದಿದ್ದಾರೆ: ಎತ್ತರ 1,550 ಮಿಲಿಮೀಟರ್, ಅದರ ಕೆಳಗೆ ಉದ್ದ, ಅಗಲ, ತೂಕ. ಆರು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡುವ ನಮ್ಮ ಸೊಸೈಟಿಯವರಲ್ಲಿ ಅದನ್ನು ಓದಿದವರು ಕಡಿಮೆ. ಮೂರನೆಯ ಮಹಡಿಯವರು ಭಾರೀ ಎಸ್‌ಯುವಿ ತಂದು, ಪೂಜೆ ಮಾಡಿಸಿ, ನಿಂಬೆಹಣ್ಣು ಹತ್ತಿಸಿ, ಆಮೇಲೆ ಅದು ಒಳಗೆ ಹೋಗುವುದಿಲ್ಲ ಎಂದು ಕಂಡುಕೊಂಡು ಈಗಲೂ ರಸ್ತೆಯಲ್ಲಿ ನಿಲ್ಲಿಸುತ್ತಾರೆ.

ಈಗಿನ ಮಂದಿ ಇಷ್ಟಪಡುವ ಪುಟ್ಟ ಎಸ್‌ಯುವಿಗಳು ಸಾಮಾನ್ಯವಾಗಿ 1,600 ಮಿಲಿಮೀಟರಿಗಿಂತ ಎತ್ತರ. ಅಲ್ಲಿಗೆ ಅರ್ಧ ಪಟ್ಟಿ ಖಾಲಿಯಾಯಿತು. ಇನ್ನು ಅಗಲ. ಬ್ರೋಷರಿನಲ್ಲಿ ಕೊಡುವ ಅಗಲದಲ್ಲಿ ಪಕ್ಕದ ಕನ್ನಡಿಗಳು ಸಾಮಾನ್ಯವಾಗಿ ಲೆಕ್ಕಕ್ಕಿರುವುದಿಲ್ಲ. ಹಲಗೆಯ ಎರಡೂ ಬದಿಗೆ ಕಬ್ಬಿಣದ ಕಂಬಗಳಿವೆ, ಕನ್ನಡಿ ಮಡಚಿದರೂ ಬಾಗಿಲು ತೆರೆದು ಮನುಷ್ಯ ಇಳಿಯಬೇಕಲ್ಲ? ಭಾನುವಾರ ಟೇಪು ಹಿಡಿದು ನಾನು, ಇನ್ನೊಂದು ತುದಿ ಹಿಡಿದು ವಾಚ್‌ಮನ್, ಅಳೆದು ಬರೆದುಕೊಂಡೆವು. ನಮ್ಮವರು ಮೇಲಿನಿಂದ ಬಾಲ್ಕನಿಯಲ್ಲಿ ನಿಂತು ಚಹಾ ಕುಡಿಯುತ್ತ ‘ಟೆಂಡರ್ ಕರೆಯುತ್ತೀಯಾ?’ ಎಂದು ಕೇಳಿದರು.

ಗುಂಡಿಗೆ ತಗ್ಗಿನ ಕಾರು ಬೇಕು. ಅತ್ತೆಯವರ ಮೊಣಕಾಲಿಗೆ ಎತ್ತರದ ಕಾರು ಬೇಕು. ಪರೀಕ್ಷಾ ಸವಾರಿಗೆ ಅವರನ್ನು ಕರೆದುಕೊಂಡು ಹೋಗಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ. ಸಾಮಾನ್ಯವಾಗಿ ಗಂಡಸರು ಹೋಗಿ ಸ್ಟೇರಿಂಗ್ ಹಿಡಿದು ಚಾಂದಣಿ ಚೌಕದ ಮೇಲ್ಸೇತುವೆ ಸುತ್ತಿ ‘ಪಿಕಪ್ ಚೆನ್ನಾಗಿದೆ’ ಎಂದು ಬರುತ್ತಾರೆ. ಹಿಂದಿನ ಸೀಟಿನಲ್ಲಿ ಹತ್ತು ವರ್ಷ ಕೂರುವವರನ್ನು ಯಾರೂ ಕೇಳುವುದಿಲ್ಲ. ಅತ್ತೆಯವರು ಮೊದಲ ಕಾರಿನ ಬಾಗಿಲು ತೆರೆದು, ಸೀರೆಯ ನಿರಿಗೆ ಎಡಗೈಯಲ್ಲಿ ಎತ್ತಿ ಹಿಡಿದು, ಬೆನ್ನು ತಿರುಗಿಸಿ ಕೂರಲು ಹೋದರು. ಸೀಟು ಅವರು ಎಣಿಸಿದ್ದಕ್ಕಿಂತ ಒಂದು ಗೇಣು ಕೆಳಗಿತ್ತು. ದೊಪ್ಪೆಂದು ಬಿದ್ದಂತೆ ಕುಳಿತರು. ಏಳುವಾಗ ಮುಂದಿನ ಸೀಟಿನ ತಲೆದಿಂಬನ್ನು ಹಿಡಿದರು, ಅದು ಕಿತ್ತು ಕೈಗೆ ಬರುವಂತಾಯಿತು. ಮಾರಾಟದ ಹುಡುಗ ಸನ್‌ರೂಫ್ ತೆರೆದು ತೋರಿಸುತ್ತಿದ್ದ. ‘ಆಕಾಶ ಆಮೇಲೆ ನೋಡುತ್ತೇನಪ್ಪ, ಮೊದಲು ನೆಲಕ್ಕೆ ಇಳಿಸು’ ಎಂದರು. ಎರಡನೆಯ ಕಾರಿನಲ್ಲಿ ಸೀಟು ಸೊಂಟದ ಮಟ್ಟಕ್ಕಿತ್ತು, ಬಾಗಿಲ ಮೇಲೆ ಹಿಡಿಕೆ ಇತ್ತು, ಕಾಲಿಡುವಲ್ಲಿ ಹೊಸ್ತಿಲು ಎತ್ತರವಿರಲಿಲ್ಲ. ಕುಳಿತರು, ಎದ್ದರು, ಮತ್ತೊಮ್ಮೆ ಕುಳಿತರು. ‘ಇದರಲ್ಲಿ ಧಾರವಾಡದವರೆಗೆ ಹೋಗಬಹುದು’ ಎಂದರು. ಗಾಡಿ ತೀರ್ಮಾನವಾದದ್ದು ಅಲ್ಲಿ. ಎತ್ತರ ಮಾತ್ರ 1,600ಕ್ಕೂ ಹೆಚ್ಚು.

ಆ ಎತ್ತರದ ತೊಡಕನ್ನು ಬಿಡಿಸಿದ್ದು ಪಕ್ಕದ ಮನೆಯ ಜೋಶಿ ಕಾಕೂ. ಅವರದು ತಗ್ಗಿನ ಹಳೆಯ ಹ್ಯಾಚ್‌ಬ್ಯಾಕ್, ಅವರ ಹಲಗೆ ನೆಲಮಟ್ಟದ್ದು, ಮೇಲೆ ಸೂರಿಲ್ಲ. ಅದಲುಬದಲಿಗೆ ಒಪ್ಪಿದರು, ಆದರೆ ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತರೆ ಪಂಪಿನ ಖರ್ಚು ಸೊಸೈಟಿಯದು ಎಂದು ಬರೆಸಿಕೊಂಡರು. ಅವರು ನಮ್ಮ ವಿಭಾಗದಲ್ಲಿ ಇರಬೇಕಿತ್ತು.

ಈಗ ಕಾಗದಕ್ಕೆ ಬರುತ್ತೇನೆ. ಒಂದೇ ಕಂಪನಿಯ, ಒಂದೇ ಮಾದರಿಯ ಕಾರಿಗೆ ಮೂರು ಶೋರೂಮಿನಿಂದ ಕೊಟೇಶನ್ ತಂದೆ. ಎಕ್ಸ್ ಶೋರೂಮ್ ದರ ಮೂರರಲ್ಲೂ ಒಂದೇ, ಪೈಸೆಯ ವ್ಯತ್ಯಾಸವಿಲ್ಲ. ಅದನ್ನು ಕಂಪನಿ ನಿಗದಿ ಮಾಡುತ್ತದೆ. ಆದರೆ ಎಲ್ಲ ಸೇರಿದ ಕೆಳಗಿನ ಆನ್‌ರೋಡ್ ಮೊತ್ತದಲ್ಲಿ ಅತಿ ಕಡಿಮೆಯದಕ್ಕೂ ಅತಿ ಹೆಚ್ಚಿನದಕ್ಕೂ 38,000 ರೂಪಾಯಿ ಅಂತರ. ಅಂದರೆ ಕಾರಿನ ಬೆಲೆಯಲ್ಲಿ ಚೌಕಾಸಿಯೇ ಇಲ್ಲ, ಇರುವುದೆಲ್ಲ ಅದರ ಕೆಳಗಿನ ಸಾಲುಗಳಲ್ಲಿ. ಹಾಗಿದ್ದ ಮೇಲೆ ‘ಎಷ್ಟು ಬಿಡುತ್ತೀರಿ?’ ಎಂಬ ಪ್ರಶ್ನೆ ಕೇಳುವುದಕ್ಕಿಂತ ‘ಈ ಸಾಲು ಏನು?’ ಎಂದು ಕೇಳುವುದು ಲಾಭ.

ಒಂದು ಶೋರೂಮಿನ ಹುಡುಗ ಅಕ್ಕಲಕೋಟೆಯ ಕಡೆಯವನು. ನಾವು ಮನೆಯ ಮಾತಾಡುವುದು ಕೇಳಿ ಮರಾಠಿ ಬಿಟ್ಟು ಕನ್ನಡಕ್ಕೆ ಬಂದ. ‘ಅಕ್ಕಾ, ನಮ್ಮವರಿಗೆ ನಾನೇ ನಿಂತು ಮಾಡಿಸಿಕೊಡುತ್ತೇನೆ’ ಎಂದ. ಭಾಷೆ ಬದಲಾಯಿತು, ಅಂಕಿಗಳು ಮರಾಠಿಯಲ್ಲಿದ್ದಷ್ಟೇ ಉಳಿದವು. ಆದರೂ ಒಳ್ಳೆಯ ಹುಡುಗ. ಕೇಳಿದ್ದಕ್ಕೆ ಕೆಂಪಾಗದೆ ಉತ್ತರಿಸಿದ.

ಮೊದಲ ಸಾಲು ಆರ್‌ಟಿಒ. ತೆರಿಗೆ, ನೋಂದಣಿ ಶುಲ್ಕ, ಸಾಲವಿದ್ದರೆ ಅದರ ನಮೂದು, ಕಾರ್ಡು, ಎಲ್ಲವನ್ನೂ ಗಂಟು ಕಟ್ಟಿ ಒಂದೇ ಅಂಕಿ ಬರೆದಿದ್ದರು. ಬಿಡಿಸಿ ಬರೆಯಿರಿ ಎಂದೆ. ಮಹಾರಾಷ್ಟ್ರದಲ್ಲಿ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಒಂದೇ ಸಲದ ತೆರಿಗೆ ಶೇ. 11, ಅಂದರೆ ನಮಗೆ ಒಂದು ಲಕ್ಷದ ಮೇಲೆ ಚೂರು. ನೋಂದಣಿಗೆ 600, ಸಾಲದ ನಮೂದಿಗೆ 1,500, ಕಾರ್ಡಿಗೆ 200. ಬಿಡಿಸಿ ಬರೆದ ಹಾಳೆಯಲ್ಲಿ ಮೊತ್ತ ತಾನಾಗಿ ಕುಗ್ಗಿತು. ಸರ್ಕಾರಕ್ಕೆ ಕಟ್ಟಿದ ರಸೀದಿಯ ಪ್ರತಿ ಕೊಡಬೇಕು, ಹೆಚ್ಚು ತೆಗೆದುಕೊಂಡಿದ್ದರೆ ವಾಪಸು ಕೊಡಬೇಕು ಎಂದೂ ಬರೆಸಿದೆ.

ಎರಡನೆಯದು ‘ಹ್ಯಾಂಡ್ಲಿಂಗ್’, 7,500. ಯಾವುದರ ಹ್ಯಾಂಡ್ಲಿಂಗ್ ಎಂದೆ. ಗೋದಾಮಿನಿಂದ ಶೋರೂಮಿಗೆ ಗಾಡಿ ತರುವುದು, ತೊಳೆಯುವುದು ಎಂದ. ನಾನು ಬೇರಿಂಗ್ ಕೊಂಡರೆ ಅದನ್ನು ತನ್ನ ಕಪಾಟಿನಿಂದ ಕೆಳಗಿಳಿಸಿದ್ದಕ್ಕೆ ಯಾವ ವ್ಯಾಪಾರಿಯೂ ಬಿಲ್ಲು ಹಾಕಿಲ್ಲ. ‘ಇದಕ್ಕೆ ಪ್ರತ್ಯೇಕ ಜಿಎಸ್‌ಟಿ ಬಿಲ್ಲು ಕೊಡುತ್ತೀರಾ?’ ಎಂದು ಕೇಳಿದೆ. ಹುಡುಗ ಮ್ಯಾನೇಜರ ಕೋಣೆಗೆ ಹೋದ. ಗಾಜಿನಾಚೆ ಇಬ್ಬರೂ ನನ್ನ ಕಡೆ ನೋಡಿದರು. ಮರಳಿ ಬಂದವನು ಮಾತಾಡದೆ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದ. ಈ ಒಂದು ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು, ಖರೀದಿ ವಿಭಾಗದ ಅನುಭವ ಬೇಕಿಲ್ಲ.

ಮೂರನೆಯದು ‘ಬೇಸಿಕ್ ಕಿಟ್’, 14,990. ರಬ್ಬರ್ ಮ್ಯಾಟು, ಕೆಸರುತಡೆ, ಸುಗಂಧದ ಬಾಟಲಿ, ಡ್ಯಾಶ್‌ಬೋರ್ಡಿಗೆ ಒಂದು ಗಣಪತಿ. ಗಣಪತಿ ಮನೆಯಲ್ಲಿದ್ದಾನೆ ಎಂದೆ. ನಾಲ್ಕನೆಯದು ಸೆರಾಮಿಕ್ ಕೋಟಿಂಗ್, 18,000. ಕಿಟ್ ಇಲ್ಲದೆ ಗಾಡಿ ಬೇಗ ಸಿಗುವುದು ಕಷ್ಟ ಎಂದು ಒಂದು ಶೋರೂಮಿನಲ್ಲಿ ಮೆಲ್ಲಗೆ ಹೇಳಿದರು. ಆ ಮಾತನ್ನು ಇಮೇಲಿನಲ್ಲಿ ಬರೆದು ಕಳಿಸಿ ಎಂದೆ, ಇಮೇಲ್ ಬರಲಿಲ್ಲ. ಐದನೆಯದು ವಿಸ್ತರಿತ ವಾರಂಟಿ. ಇದನ್ನು ಮಾತ್ರ ನಾನು ಹೊಡೆದುಹಾಕಲಿಲ್ಲ. ಈಗಿನ ಕಾರಿನಲ್ಲಿ ಕೆಡುವುದು ಕಬ್ಬಿಣಕ್ಕಿಂತ ಹೆಚ್ಚಾಗಿ ಪರದೆ, ಸಂವೇದಕ, ಸಣ್ಣಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಅವನ್ನು ರಿಪೇರಿ ಮಾಡುವುದಿಲ್ಲ, ಬದಲಿಸುತ್ತಾರೆ. ಅಂಥ ಬಿಡಿಭಾಗಗಳ ದರ ನನಗೆ ಕೆಲಸದಿಂದಾಗಿ ಗೊತ್ತು, ಆದ್ದರಿಂದ ಆ ಸಾಲಿನ ಹತ್ತಿರ ನನ್ನ ಧೈರ್ಯ ಕಡಿಮೆ.

ಇಷ್ಟರಲ್ಲಿ ಹುಬ್ಬಳ್ಳಿಯಿಂದ ಮೈದುನನ ಫೋನು. ‘ವೈನಿ, ಇಲ್ಲೇ ತೆಗೆದುಕೊಳ್ಳಿ, ಶೋರೂಮಿನವನು ನನ್ನ ಗೆಳೆಯ, ಹತ್ತು ಸಾವಿರ ಬಿಡಿಸುತ್ತೇನೆ.’ ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ತೆರಿಗೆ ಶೇ. 14, ಆ ತೆರಿಗೆಯ ಮೇಲೆ ಶೇ. 11 ಸೆಸ್, ಎರಡೂ ಸೇರಿ ಬೆಲೆಯ ಶೇ. 15.5ರಷ್ಟು. ನಮ್ಮ ಗಾಡಿಗೆ 1,42,000 ದಾಟುತ್ತದೆ, ಇಲ್ಲಿಗಿಂತ 40,000 ಹೆಚ್ಚು. ಅಲ್ಲಿ ಕೊಂಡು ಇಲ್ಲಿ ಓಡಿಸಿದರೆ ಹನ್ನೆರಡು ತಿಂಗಳ ಮೇಲೆ ಇಲ್ಲಿ ಮತ್ತೆ ಪಾಸಿಂಗ್, ಅಂದರೆ ನೋಂದಣಿ, ಮಾಡಿಸಬೇಕು. ಗೆಳೆಯನ ಹತ್ತು ಸಾವಿರ ಗೆಳೆಯನ ಹತ್ತಿರವೇ ಇರಲಿ ಎಂದೆ.

ಆದರೆ ಅವನ ಫೋನು ಬೇರೊಂದು ಯೋಚನೆಗೆ ದಾರಿ ಮಾಡಿತು. ನಮ್ಮವರದು ರಾಷ್ಟ್ರೀಕೃತ ಬ್ಯಾಂಕಿನ ನೌಕರಿ. ವರ್ಗಾವಣೆಯ ಹಾಳೆ ಯಾವ ಮೇ ತಿಂಗಳಲ್ಲಾದರೂ ಬರಬಹುದು. ಪುಣೆಯ ಎಂಎಚ್ 12 ಹಾಕಿಸಿ, ಬೆಳಗಾವಿಗೋ ಮಂಗಳೂರಿಗೋ ವರ್ಗವಾದರೆ ಅಲ್ಲಿ ಮತ್ತೆ ತೆರಿಗೆ ಕಟ್ಟಿ, ಇಲ್ಲಿನದನ್ನು ಮರಳಿ ಪಡೆಯಲು ಆರ್‌ಟಿಒ ಕಚೇರಿಯ ಮೆಟ್ಟಿಲು ಸವೆಸಬೇಕು. ಇಂಥವರಿಗೆಂದೇ 2021ರಿಂದ ರಾಜ್ಯ ಬದಲಾದರೂ ನಡೆಯುವ ಬಿಎಚ್ (ಭಾರತ್) ಸರಣಿಯ ನೋಂದಣಿ ಇದೆ. ಕೇಂದ್ರ, ರಾಜ್ಯ ಸರ್ಕಾರದ ನೌಕರರು, ಸೈನ್ಯದವರು, ಸಾರ್ವಜನಿಕ ವಲಯದ ಉದ್ದಿಮೆ ಮತ್ತು ಬ್ಯಾಂಕುಗಳವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳವರು ಮಾಡಿಸಬಹುದು. ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ದರ ಶೇ. 8, ಅದೂ ಜಿಎಸ್‌ಟಿ ಬಿಟ್ಟ ಬೆಲೆಯ ಮೇಲೆ. ಮತ್ತು ಒಂದೇ ಸಲ ಪೂರ್ತಿ ಕಟ್ಟುವುದಲ್ಲ, ಎರಡೆರಡು ವರ್ಷದ್ದು. ಮರೆತರೆ ದಿನಕ್ಕೆ 100 ರೂಪಾಯಿ ದಂಡ. ಮಾರುವಾಗ ಈ ಅರ್ಹತೆ ಇಲ್ಲದವರು ಕೊಂಡರೆ ಅವರು ತಮ್ಮ ರಾಜ್ಯದ ನೋಂದಣಿಗೆ ಬದಲಿಸಿ ತೆರಿಗೆ ಕಟ್ಟಬೇಕು, ಹಾಗಾಗಿ ಬೆಲೆ ತುಸು ಬೀಳಬಹುದು. ನಾವು ಕಾರು ಮಾರುವ ಜನವಲ್ಲ, ಸವೆಸುವ ಜನ. ಬಿಎಚ್ ಎಂದು ನಿಶ್ಚಯಿಸಿದೆವು. ಒಂದು ಶೋರೂಮಿನವರು ‘ಅದು ಬಹಳ ತಲೆನೋವು, ಯಾರೂ ಮಾಡಿಸುವುದಿಲ್ಲ’ ಎಂದರು. ಇನ್ನೊಂದರಲ್ಲಿ ಬ್ಯಾಂಕಿನ ಗುರುತಿನ ಚೀಟಿ ತನ್ನಿ ಎಂದಷ್ಟೇ ಹೇಳಿದರು. ಅವರ ಕೊಟೇಶನ್ ಆ ಕ್ಷಣದಿಂದ ಮೇಲಕ್ಕೆ ಬಂತು.

ವಿಮೆಯ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ದುಡ್ಡು ಸೋರುವುದು ಅಲ್ಲಿ. ಹೊಸ ಕಾರಿಗೆ ಮೂರು ವರ್ಷದ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ, 2018ರ ಸೆಪ್ಟೆಂಬರಿನಿಂದ ಹೀಗಿದೆ. ಅದರ ದರ ಎಲ್ಲ ಕಂಪನಿಗಳಿಗೂ ಒಂದೇ. 2022ರಲ್ಲಿ ನಿಗದಿಯಾದ ಪಟ್ಟಿಯಂತೆ 1,000ದಿಂದ 1,500 ಸಿಸಿ ಕಾರಿಗೆ 10,640 ರೂಪಾಯಿ, ಮೇಲೆ ಜಿಎಸ್‌ಟಿ. ಅಲ್ಲಿ ಜಗ್ಗಾಡುವಂತಿಲ್ಲ. ಜಗ್ಗಾಡುವುದು ನಮ್ಮ ಗಾಡಿಯ ಸ್ವಂತ ಹಾನಿಯ ವಿಮೆಯಲ್ಲಿ. ಶೋರೂಮಿನ ಕೊಟೇಶನ್ನಿನಲ್ಲಿ ಒಟ್ಟು ವಿಮೆ 47,000 ಇತ್ತು. ಅದೇ ವಿಮಾ ಕಂಪನಿಯ ತಾಣದಲ್ಲಿ ನಾನೇ ಅದೇ ಸೌಲಭ್ಯಗಳನ್ನು ಒತ್ತಿ ನೋಡಿದರೆ 34,000. ವಿಮೆಯನ್ನು ಶೋರೂಮಿನಲ್ಲೇ ಕೊಳ್ಳಬೇಕೆಂಬ ಕಾನೂನಿಲ್ಲ. ಆ ಪರದೆಯ ಚಿತ್ರ ತೋರಿಸಿದ ಮೇಲೆ ಅವರೂ 36,000ಕ್ಕೆ ಬಂದರು.

ಇನ್ನೂ ಒಂದು ಇದೆ. ನಮ್ಮ ಹಳೆಯ ಕಾರಿಗೆ ವರ್ಷಗಳಿಂದ ಒಂದೂ ಕ್ಲೇಮ್ ಮಾಡಿಲ್ಲ. ಕ್ಲೇಮ್ ಇಲ್ಲದ ಐದು ವರ್ಷವಾದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ. 50ರವರೆಗೆ ಬೋನಸ್ ಸಿಗುತ್ತದೆ. ಆ ಬೋನಸ್ ಕಾರಿಗೆ ಅಂಟಿದ್ದಲ್ಲ, ಮಾಲೀಕನಿಗೆ ಅಂಟಿದ್ದು. ಹಳೆಯ ಕಾರು ಮಾರುವಾಗ ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಹೊಸ ಕಾರಿಗೆ ಬರುತ್ತದೆ. ಹೊಸದೂ ಅದೇ ಹೆಸರಿನಲ್ಲಿ ಇರಬೇಕು, ಅಷ್ಟೇ. ಮೂರು ಕೊಟೇಶನ್ನುಗಳಲ್ಲಿ ಒಂದರಲ್ಲೂ ಅದರ ಸುದ್ದಿ ಇರಲಿಲ್ಲ. ಕೇಳದವರಿಗೆ ಯಾರು ಕೊಡುತ್ತಾರೆ? ಕಾರು ನನ್ನ ಹೆಸರಿಗೆ ಬರಲಿ ಎಂಬ ಸಣ್ಣ ಆಸೆ ನನಗಿತ್ತು. ಬಿಎಚ್ ಫಲಕವೂ ಬೋನಸ್ಸೂ ಇವರ ಹೆಸರನ್ನೇ ಕೇಳಿದ್ದರಿಂದ ಕೈಬಿಟ್ಟೆ. ಎಂಜಿನ್ನಿಗೆ ನೀರು ನುಗ್ಗಿದರೆ ಸಿಗುವ ಹೆಚ್ಚುವರಿ ರಕ್ಷಣೆಯನ್ನು ಮಾತ್ರ ಸೇರಿಸಿದೆ. 2024ರ ಜುಲೈನಲ್ಲಿ ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರದಲ್ಲಿ ಕಾರುಗಳು ಮುಳುಗಿದ್ದನ್ನು ಕಂಡ ಪುಣೆಯವರಿಗೆ ಇದರ ವಿವರಣೆ ಬೇಡ. ನಿಂತ ನೀರಿನಲ್ಲಿ ಗಾಡಿ ಚಾಲೂ ಮಾಡಿ ಎಂಜಿನ್ ಹೋದರೆ ಸಾಮಾನ್ಯ ವಿಮೆ ಸಾಮಾನ್ಯವಾಗಿ ಕೈ ಎತ್ತುತ್ತದೆ.

ಸಾಲದ ವಿಷಯ ಬೇಗ ಮುಗಿಸುತ್ತೇನೆ, ಬ್ಯಾಂಕಿನವರ ಮನೆಯಲ್ಲಿ ಅದು ಇವರ ಖಾತೆ. ಮಾರಾಟದ ಮೇಜಿನಲ್ಲಿ ಎಂಟು ಲಕ್ಷಕ್ಕೆ ‘ತಿಂಗಳಿಗೆ ಬರೀ 12,871’ ಎಂದು ಬರೆದು ಸುತ್ತು ಹಾಕಿದ್ದರು. ಶೇ. 9ರ ಬಡ್ಡಿ, ಏಳು ವರ್ಷ. ಐದು ವರ್ಷಕ್ಕಾದರೆ ಕಂತು 16,607. ಏಳು ವರ್ಷದಲ್ಲಿ ಬಡ್ಡಿಯೇ 2,81,000, ಐದರಲ್ಲಿ 1,96,000. ‘ಬರೀ’ ಎಂದಲ್ಲಿ 85,000 ರೂಪಾಯಿ ಅಡಗಿದೆ ಎಂದು ಇವರು ಆ ಹುಡುಗನಿಗೆ ಪಾಠ ಮಾಡಲು ಶುರು ಮಾಡಿದರು, ನಾನು ಎಬ್ಬಿಸಿಕೊಂಡು ಬಂದೆ.

ಹಳೆಯ ಕಾರನ್ನು ಅಲ್ಲೇ ಕೊಟ್ಟು ಹೊಸದನ್ನು ತರುವಾಗ ಎರಡೂ ಲೆಕ್ಕ ಒಂದೇ ಹಾಳೆಯಲ್ಲಿ ಇರಬಾರದು. ಹಳೆಯದಕ್ಕೆ ಹತ್ತು ಸಾವಿರ ಏರಿಸಿದರು, ನಾನು ಹಿಗ್ಗುವಷ್ಟರಲ್ಲಿ ಹೊಸದರ ರಿಯಾಯಿತಿಯಲ್ಲಿ ಹನ್ನೆರಡು ಸಾವಿರ ಮಾಯವಾಗಿತ್ತು. ಎರಡು ಹಾಳೆ ಕೇಳಿದೆ. ಹಳೆಯದನ್ನು ಒಪ್ಪಿಸುವಾಗ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೀಲಿ ಕೊಟ್ಟು ಬಂದರೆ ಸಾಲದು, ಆರ್‌ಸಿ ಹೊಸಬರ ಹೆಸರಿಗೆ ಹೋಯಿತೇ ಎಂದು ಬೆನ್ನು ಹತ್ತಬೇಕು. ಹೆಸರು ಬದಲಾಗದೆ ಅಪಘಾತವಾದರೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಶೋರೂಮಿನಿಂದ ದಿನಾಂಕ, ಸಮಯ ಹಾಕಿದ ಸ್ವೀಕೃತಿ ಪತ್ರ, ಹೆಸರು ಬದಲಾಗುವ ಗಡುವು, ಎರಡನ್ನೂ ಲೆಟರ್‌ಹೆಡ್‌ನಲ್ಲಿ ಕೇಳಿದ್ದೇನೆ. ಹಳೆಯ ಫಾಸ್ಟ್ಯಾಗ್ ಮುಚ್ಚಿಸುವುದೂ ನೆನಪಿರಲಿ. ಹೊಸದರಲ್ಲಿ ಟೋಲಿನ ವಾರ್ಷಿಕ ಪಾಸು ಹಾಕಿಸುವ ಯೋಚನೆ ಇದೆ. ಖೇಡ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೊಳಿ, ಹತ್ತರಗಿ, ಹಿರೇಬಾಗೇವಾಡಿ ಎಂದು ಊರ ದಾರಿಯ ಟೋಲುಗಳನ್ನು ಬಾಯಿಪಾಠ ಹೇಳುವ ನಮ್ಮಂಥವರಿಗೆ ಅದು ಬೇಗ ಗಿಟ್ಟುತ್ತದೆ. ಆದರೆ ಚಾಸಿ ನಂಬರಿನ ಮೇಲೆ ಕೊಟ್ಟ ಟ್ಯಾಗಿಗೆ ಪಾಸು ಸಿಗುವುದಿಲ್ಲ, ನೋಂದಣಿ ಸಂಖ್ಯೆ ಬಂದ ಮೇಲೆ ಅದನ್ನು ಸೇರಿಸಬೇಕು.

ಈಗ 2026ರ ಮಾರ್ಚ್ ತಿಂಗಳ ಮಾತು. ಶೋರೂಮಿನ ಹಿಂದಿನ ಗೋದಾಮಿನಲ್ಲಿ ನಿಂತಿರುವ ಪ್ರತಿ ಕಾರಿನ ಮೇಲೂ ಡೀಲರು ಬಡ್ಡಿ ಕಟ್ಟುತ್ತಿರುತ್ತಾನೆ. ಕಂಪನಿ ತನ್ನ ಗೇಟು ದಾಟಿಸಿದ್ದನ್ನೇ ಮಾರಾಟ ಎಂದು ಬರೆದುಕೊಳ್ಳುತ್ತದೆ, ನಿಜವಾಗಿ ಮಾರುವ ಪಾಡು ಡೀಲರದು. 2024ರ ಹಬ್ಬಕ್ಕೆ ಮುನ್ನ ಡೀಲರುಗಳ ಬಳಿ 80 ದಿನಕ್ಕಾಗುವಷ್ಟು ಕಾರು ಬಿದ್ದಿವೆ ಎಂದು ಅವರ ಒಕ್ಕೂಟವೇ ಗೋಳಾಡಿತ್ತು. ವರ್ಷದ ಲೆಕ್ಕ ಮುಗಿಯುವ ಮಾರ್ಚ್ 31ರ ಹತ್ತಿರ ಗುರಿ ಮುಟ್ಟುವ ಒತ್ತಡವೂ ಸೇರುತ್ತದೆ. ಹೀಗಾಗಿ ‘2025ರ ಗಾಡಿಯಾದರೆ ಇನ್ನೂ 35,000 ಬಿಡುತ್ತೇವೆ’ ಎಂಬ ಮಾತು ಬಂತು. ಅದೇ ಕಾರು, ತಯಾರಾದದ್ದು ಹೋದ ವರ್ಷ. ಬೇಗ ಮಾರುವವರಿಗೆ ಆ ಒಂದು ವರ್ಷ ನಷ್ಟ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ನವೆಂಬರ್, ಡಿಸೆಂಬರಿನ ಗಾಡಿಯಾದರೆ ನಷ್ಟವಿಲ್ಲ. ಮೇ ತಿಂಗಳದ್ದಾದರೆ ಒಂದು ಮಳೆಗಾಲವನ್ನು ಬಯಲಲ್ಲಿ ಕಳೆದಿರುತ್ತದೆ. ಬ್ಯಾಟರಿ ಇಳಿದಿರುತ್ತದೆ, ಇಲಿಗೆ ವೈರು ರುಚಿಸಿರಲೂಬಹುದು.

ಹಾಗಾಗಿ ಮೊದಲು ಚಾಸಿ ನಂಬರ್ ಕೊಡಿ ಎಂದೆ. ಹದಿನೇಳು ಅಕ್ಷರ, ಅಂಕಿಗಳ ಸಾಲು ಅದು. ಹಲವು ಕಂಪನಿಗಳಲ್ಲಿ ಹತ್ತನೆಯದು ವರ್ಷ ಹೇಳುತ್ತದೆ: ಎಸ್ ಇದ್ದರೆ 2025, ಟಿ ಇದ್ದರೆ 2026. ತಿಂಗಳನ್ನು ಒಬ್ಬೊಬ್ಬರು ಒಂದೊಂದು ಕಡೆ ಇಡುತ್ತಾರೆ, ಅದಕ್ಕೆ ಕಾರ್ಖಾನೆಯ ಫಾರಂ 22 ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 4625 ಎಂದರೆ 2025ರ ನಲವತ್ತಾರನೆಯ ವಾರ. ನಾಲ್ಕು ಚಕ್ರದಲ್ಲೂ ಡಿಕ್ಕಿಯಲ್ಲಿನ ಐದನೆಯದರಲ್ಲೂ ನೋಡಬೇಕು. ಒಂದರದು ಬೇರೆ ವರ್ಷವಾಗಿದ್ದರೆ ಯಾಕೆ ಎಂದು ಕೇಳಬೇಕು. ಗಾಜುಗಳ ಮೂಲೆಯ ಗುರುತು, ಬಾಗಿಲ ಸಂದುಗಳ ಸಮ, ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗೀರು. ಈ ಕೊನೆಯದು ನನ್ನ ಸೇರ್ಪಡೆ: ಒಮ್ಮೆ ಬಿಚ್ಚಿ ಕಟ್ಟಿದ ಬೋಲ್ಟಿನ ಬಣ್ಣ ಅಂಚಿನಲ್ಲಿ ಏಳುತ್ತದೆ, ನಮ್ಮ ತಪಾಸಣೆಯವರು ಅದನ್ನು ಕಂಡೇ ಮಾಲು ತಿರುಗಿ ಕಳಿಸುತ್ತಾರೆ. ಇದೆಲ್ಲ ಹಗಲು ಬೆಳಕಿನಲ್ಲಿ, ಗಾಡಿ ತೊಳೆದು ಹೊಳಪು ಹಚ್ಚುವ ಮೊದಲು, ಮುಖ್ಯವಾಗಿ ಪಾಸಿಂಗ್ ಆಗುವ ಮೊದಲು. ನೋಂದಣಿಯಾದ ಮೇಲೆ ಗೀರು ಕಂಡರೆ ಅದು ನಮ್ಮ ಗೀರು.

ಇಲ್ಲಿ ಅತ್ತೆಯವರ ಮುಹೂರ್ತ ಅಡ್ಡ ನಿಂತಿತು. ಮಾರ್ಚ್ 19 ಯುಗಾದಿ, ಇಲ್ಲಿನವರಿಗೆ ಗುಡಿ ಪಾಡವಾ, ಬೇರೆ ಮುಹೂರ್ತ ನೋಡಬೇಕಿಲ್ಲದ ವರ್ಷದ ಸಾಡೇತೀನ್ (ಮೂರೂವರೆ) ಮುಹೂರ್ತಗಳಲ್ಲಿ ಒಂದು. ಅಂದು ಪುಣೆಯ ಪ್ರತಿ ಶೋರೂಮಿನಲ್ಲೂ ಹಾರ ಹಾಕಿದ ಕಾರುಗಳು ಸಾಲು ನಿಂತಿರುತ್ತವೆ. ಒಬ್ಬರಿಗೆ ಕೀಲಿ ಕೊಡುವಷ್ಟರಲ್ಲಿ ಹಿಂದಿನವರು ತೆಂಗಿನಕಾಯಿ ಹಿಡಿದು ನಿಂತಿರುತ್ತಾರೆ. ಅಂದು ಟೈರಿನ ಅಂಕಿ ಓದಲು ಬಗ್ಗಿದರೆ ಜನ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದಾರು. ರಿಯಾಯಿತಿಯೂ ಹಬ್ಬ ಕಳೆದ ಮೇಲೆಯೇ ಸಡಿಲವಾಗುವುದು. ತಿಂಗಳ ಕೊನೆಗೆ ತರೋಣ ಎಂದು ನಾನು, ಯುಗಾದಿ ಬಿಟ್ಟು ಹೇಗೆ ಎಂದು ಅವರು. ಇವರು ಎರಡೂ ಕಡೆ ತಲೆಯಾಡಿಸಿದರು. ಕೊನೆಗೆ ದಾರಿ ತೋರಿಸಿದ್ದು ಅತ್ತೆಯವರೇ. ‘ಮುಹೂರ್ತ ದುಡ್ಡು ಕೊಡುವುದಕ್ಕೋ ಗಾಡಿ ತರುವುದಕ್ಕೋ? ಯುಗಾದಿಯ ದಿನ ಮುಂಗಡ ಕೊಡಿ. ಗಾಡಿ ಅಂದೇ ನಮ್ಮದಾದಂತೆ. ಮನೆಗೆ ಯಾವಾಗ ಬರುತ್ತದೆಯೋ ಬರಲಿ.’ ಪಂಚಾಂಗವನ್ನೂ ಕೊಟೇಶನ್ ಥರ ಬಿಡಿಸಿ ಓದಬಹುದು ಎಂದು ನನಗೆ ಹೊಳೆದಿರಲಿಲ್ಲ.

ಹಾಗಾಗಿ 19ರಂದು ಬೇವುಬೆಲ್ಲ ತಿಂದು ಹೋಗಿ 11,000 ಮುಂಗಡ ಕೊಡುವುದು, ಅದೂ ಶೋರೂಮಿನ ಖಾತೆಗೇ, ಯಾರ ಸ್ವಂತ ಫೋನ್ ನಂಬರಿಗೂ ಅಲ್ಲ. ಬುಕಿಂಗ್ ಫಾರಮ್ಮಿನಲ್ಲಿ ‘ಬಿಲ್ಲು ಮಾಡುವ ದಿನದ ದರ ಅನ್ವಯ’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಏಪ್ರಿಲ್‌ನಲ್ಲಿ ದರ ಏರಿದರೆ ಭಾರ ನಮ್ಮದು. ಆದ್ದರಿಂದ ಮಾರ್ಚ್ 31ರೊಳಗೆ ಬಿಲ್ಲು ಎಂದು ಕೈಬರಹದಲ್ಲಿ ಬರೆಸಬೇಕು. ಒಪ್ಪಿದ ರಿಯಾಯಿತಿ, ಬಿಎಚ್ ನೋಂದಣಿ, ಕಿಟ್ ಬೇಡ ಎಂಬುದು, ನೋಂದಣಿಗೆ ಮೊದಲು ಗಾಡಿ ತೋರಿಸುವುದು, ಒಪ್ಪಿಗೆಯಾಗದಿದ್ದರೆ ಮುಂಗಡ ಪೂರ್ತಿ ವಾಪಸು. ಇವಿಷ್ಟೂ ಅದೇ ಹಾಳೆಯ ಹಿಂಬದಿಗೆ, ಮ್ಯಾನೇಜರ ಸಹಿ ಮತ್ತು ಮೊಹರಿನೊಂದಿಗೆ. ಭಾನುವಾರ 22ರಂದು ಬೆಳಗ್ಗೆ ಗೋದಾಮಿಗೆ ಹೋಗುತ್ತೇವೆ. ಅಕ್ಕಲಕೋಟೆಯ ಹುಡುಗ ಬರುತ್ತೇನೆಂದಿದ್ದಾನೆ, ಟಾರ್ಚು ನಾನು ಒಯ್ಯುತ್ತೇನೆ. ಗಾಡಿ ಸರಿಯಿದ್ದರೆ ಸೋಮವಾರ ಉಳಿದ ಹಣ ಆರ್‌ಟಿಜಿಎಸ್. ಇಲ್ಲದಿದ್ದರೆ ಎರಡನೆಯ ಶೋರೂಮಿನ ಕೊಟೇಶನ್ ನನ್ನ ಚೀಲದಲ್ಲೇ ಇದೆ, ಅದರ ಅವಧಿ ತಿಂಗಳ ಕೊನೆಯವರೆಗೆ.